ಬೇರೆ ಹೊತ್ತಿಲ್ಲದವರು

ಗಾದೆಗಳ ಪುಸ್ತಕದಲ್ಲಿ ಸಿಗದಿದ್ದರೂ ಗಾದೆಗಿಂತ ಹೆಚ್ಚು ಬಳಕೆಯಲ್ಲಿರುವ ಮಾತೊಂದು ನಮ್ಮ ಹಳಿಯಾಳದ ಕಡೆ ಇದೆ: "ಹೆಂಗಿದ್ರೂ ಮನ್ಯಾಗ ಅದೀರಲ್ಲ." ಪಕ್ಕದ ಮನೆಯವರ ಕೀಲಿ ಇಟ್ಟುಕೊಳ್ಳಲು, ಗ್ಯಾಸ್ ಸಿಲಿಂಡರು ಇಳಿಸಿಕೊಳ್ಳಲು, ಯಾರದೋ ಕೊರಿಯರ್ ಪಡೆದು ಸಹಿ ಹಾಕಲು, ಶಾಲೆಯಿಂದ ಬಂದ ಮಗುವನ್ನು ಐದು ಗಂಟೆಯವರೆಗೆ ಕೂರಿಸಿಕೊಳ್ಳಲು, ಎಲ್ಲದಕ್ಕೂ ಈ ಒಂದು ಮಾತೇ ಅರ್ಜಿ, ಇದೇ ಮಂಜೂರಾತಿ. ಬ್ಯಾಂಕಿನ ಗುಮಾಸ್ತರಿಗೆ "ಹೆಂಗಿದ್ರೂ ಬ್ಯಾಂಕಿನ್ಯಾಗ ಅದೀರಲ್ಲ, ನಮ್ಮ ಕೂಸನ್ನ ಸ್ವಲ್ಪ ನೋಡ್ಕೊಳ್ರಿ" ಎಂದು ಯಾರೂ ಹೇಳುವುದಿಲ್ಲ. ಮನೆಯಲ್ಲಿರುವವಳ ಹೊತ್ತು ಮಾತ್ರ ಹಿತ್ತಲ ಬಾವಿಯ ನೀರಿದ್ದಂತೆ. ಕೊಡ ತಂದವರೆಲ್ಲ ಸೇದಿಕೊಂಡು ಹೋಗಬಹುದು. ಬಾವಿಗೂ ಬೇಸಿಗೆ ಬರುತ್ತದೆ ಎಂಬುದು ಕೊಡ ತಂದವರ ನೆನಪಿನಲ್ಲಿರುವುದಿಲ್ಲ.

ಈಗ ಮನೆಯಲ್ಲೇ ಕೂತು ದುಡಿಯುವ ಹೆಂಗಸರು ನಮ್ಮ ಸಣ್ಣ ಊರುಗಳಲ್ಲೂ ಹೆಚ್ಚಾಗಿದ್ದಾರೆ. ಹೊಲಿಗೆ, ಹಪ್ಪಳ, ಮನೆಪಾಠ ಮೊದಲಿನಿಂದಲೂ ಇದ್ದವು. ಈಗ ಬೆಂಗಳೂರಿನ ಕಂಪನಿಯ ಕೆಲಸವನ್ನು ಹಳಿಯಾಳದ ಅಟ್ಟದ ಕೋಣೆಯಲ್ಲಿ ಕೂತು ಮಾಡುವ ಸೊಸೆಯಂದಿರೂ ಇದ್ದಾರೆ. ಇಂಥವರಿಗೆ ಉಪದೇಶಗಳಿಗೇನೂ ಕೊರತೆಯಿಲ್ಲ. ಬೆಳಿಗ್ಗೆ ವೇಳಾಪಟ್ಟಿ ಬರೆದುಕೊಳ್ಳಿ, ಬೇರೆ ಕೋಣೆ ಮಾಡಿಕೊಳ್ಳಿ, ಮುಖ್ಯವಾದದ್ದನ್ನು ಮೊದಲು ಮುಗಿಸಿ ಎನ್ನುತ್ತಾರೆ. ಒಳ್ಳೆಯ ಮಾತುಗಳೇ. ಆದರೆ 'ಮುಖ್ಯ' ಎಂದರೆ ಯಾರಿಗೆ ಮುಖ್ಯ? ಒಂದನ್ನು ಮೊದಲು ಮಾಡುತ್ತೇನೆ ಎಂದರೆ ಇನ್ನೊಂದಕ್ಕೆ ಕಾಯಲು ಹೇಳಿದಂತಾಯಿತು. ಆ ಇನ್ನೊಂದರ ಹಿಂದೆ ಸಾಮಾನ್ಯವಾಗಿ ಒಬ್ಬ ಮನುಷ್ಯ ಇರುತ್ತಾನೆ. ಶಾಲೆಯಲ್ಲಿ ವೇಳಾಪಟ್ಟಿ ಮಾಡುವವರು ಹೆಡ್‌ಮಾಸ್ತರರು, ಗಂಟೆ ಬಾರಿಸುವವನು ಜವಾನ. ಊಟದ ನಂತರದ ತೂಕಡಿಕೆಯ ಹೊತ್ತಿಗೆ ಗಣಿತ ಬಂದಿತೆಂದು ಮಕ್ಕಳು ನನ್ನನ್ನು ಬೈಯುವಂತಿಲ್ಲ. ಮನೆಯಲ್ಲಾದರೋ ಪಟ್ಟಿ ಮಾಡುವವಳೂ ನಾನೇ, ಗಂಟೆ ಬಾರಿಸುವವಳೂ ನಾನೇ, ದೂರು ಕೇಳುವವಳೂ ನಾನೇ. ಹಾಗಾಗಿ ದಿನವನ್ನು ಹೇಗೆ ಹಂಚಿಕೊಳ್ಳಬೇಕು ಎಂಬುದು ನನಗೆ ಜಾಣತನದ ಪ್ರಶ್ನೆಯಾಗಿ ಕಾಣುವುದಿಲ್ಲ. ಅದು ನ್ಯಾಯದ ಪ್ರಶ್ನೆ. ನಾನು ಯಾರನ್ನು ಕಾಯಿಸಬಹುದು? ಯಾರನ್ನು ಕಾಯಿಸಬಾರದು?

ಗಂಟೆಗೆ ತಕ್ಕಂತೆ ಬದುಕುವ ಊರುಗಳು ನಮ್ಮ ಸುತ್ತಲೇ ಇವೆ. ಮುಂಡಗೋಡದ ಟಿಬೆಟನ್ ವಸತಿ 1966ರಲ್ಲಿ ಶುರುವಾಯಿತು. ನಾವು ಲಾಮಾ ಕ್ಯಾಂಪ್ ಎಂದು ಕರೆಯುವ ಕಡೆ ಗಾದೆನ್, ದ್ರೆಪುಂಗ್ ಮಠಗಳಿವೆ. ಮಕ್ಕಳನ್ನು ಪ್ರವಾಸಕ್ಕೆ ಕರೆದುಕೊಂಡು ಹೋದಾಗ ಅಲ್ಲಿನ ಹುಡುಗ ಸನ್ಯಾಸಿಗಳು ಗಟ್ಟಿಯಾಗಿ ಬಾಯಿಪಾಠ ಮಾಡುವುದನ್ನೂ, ಅಂಗಳದಲ್ಲಿ ಎದುರುಬದುರಾಗಿ ಕೈ ಚಪ್ಪರಿಸಿ ತರ್ಕ ಮಾಡುವುದನ್ನೂ ನೋಡಿ ನಮ್ಮ ಹುಡುಗರು ಬೆರಗಾಗಿ ನಿಂತಿದ್ದರು. ಪ್ರಾರ್ಥನೆಗೊಂದು ಹೊತ್ತು, ಓದಿಗೊಂದು ಹೊತ್ತು, ವಾದಕ್ಕೊಂದು ಹೊತ್ತು. ಎಷ್ಟು ಚೆಂದ ಎನ್ನಿಸಿತು. ಆದರೆ ಅಡುಗೆಮನೆಯ ಕಣ್ಣು ಎಲ್ಲಿ ಹೋದರೂ ಅಡುಗೆಮನೆಯನ್ನೇ ಹುಡುಕುತ್ತದಲ್ಲ! ಮಠಕ್ಕೆ ಸಾಮೂಹಿಕ ಅಡುಗೆಮನೆಯಿದೆ. ಯಾರೋ ಬೇಯಿಸುತ್ತಾರೆ, ಯಾರೋ ಬಡಿಸುತ್ತಾರೆ. ಒಬ್ಬನ ಏಕಾಗ್ರತೆಯ ಹಿಂದೆ ಇನ್ನೊಬ್ಬನ ಒಲೆ ಉರಿಯುತ್ತಿರುತ್ತದೆ. ಇದರಲ್ಲಿ ತಪ್ಪೇನೂ ಇಲ್ಲ, ಸರದಿಯಿದ್ದರೆ ಸರಿ. ಮನೆಗಳಲ್ಲಿ ಆ ಸರದಿ ಇರುವುದಿಲ್ಲ ಎಂಬುದಷ್ಟೇ ನನ್ನ ತಕರಾರು.

ನಾನು ಬೆಳೆದದ್ದು ದಾಂಡೇಲಿಯಲ್ಲಿ. ಕಾಳಿ ನದಿಯ ದಂಡೆಯಲ್ಲಿ ವೆಸ್ಟ್ ಕೋಸ್ಟ್ ಪೇಪರ್ ಮಿಲ್ 1955ರಲ್ಲಿ ಸ್ಥಾಪನೆಯಾದ ಮೇಲೆ ಆ ಊರಿನ ಹಗಲು ರಾತ್ರಿಗಳು ಪಾಳಿಗಳಾದವು. ಅಪ್ಪ ಗಿರಣಿಯಲ್ಲಿದ್ದರು. ಒಂದು ವಾರ ಬೆಳಗಿನ ಪಾಳಿ, ಒಂದು ವಾರ ಮಧ್ಯಾಹ್ನದ್ದು, ಇನ್ನೊಂದು ವಾರ ರಾತ್ರಿಯದು. ಅಪ್ಪನ ಪಾಳಿ ಬದಲಾದಂತೆ ಅಮ್ಮನ ಒಲೆಯ ಹೊತ್ತೂ ಬದಲಾಗುತ್ತಿತ್ತು. ಅಮ್ಮನಿಗೆ ಅದಕ್ಕಾಗಿ ಹಾಜರಿ ಪುಸ್ತಕವೇನೂ ಇರಲಿಲ್ಲ. ಅಮ್ಮ ಮನೆಯಲ್ಲಿ ರವಿಕೆ ಹೊಲಿಯುತ್ತಿದ್ದಳು. ನಮ್ಮ ಫೀ, ಪುಸ್ತಕ, ಹಬ್ಬದ ಬಟ್ಟೆ ಎಲ್ಲ ಆ ಮಶಿನ್ನಿನ ಕೆಳಗಿಂದ ಬಂದವು. ರಾತ್ರಿ ಪಾಳಿಯ ವಾರ ಅಪ್ಪ ಹಗಲು ಮಲಗಬೇಕು. ಎರಡು ಕೋಣೆಯ ಮನೆಯಲ್ಲಿ ಮಶಿನ್ ತುಳಿದರೆ ಗೋಡೆ ಅದುರುತ್ತಿತ್ತು. "ಅಪ್ಪ ಮಲಗ್ಯಾರ, ಸದ್ದು ಮಾಡಬ್ಯಾಡ್ರಿ" ಎನ್ನುತ್ತ ಅಮ್ಮ ನಮ್ಮ ಜೊತೆಗೆ ತನ್ನ ಮಶಿನ್ನಿನ ಬಾಯಿಯನ್ನೂ ಕಟ್ಟುತ್ತಿದ್ದಳು.

ಆದರೆ ಕೈಕಟ್ಟಿ ಕೂರುತ್ತಿರಲಿಲ್ಲ. ಹಿಂದಿನ ಎರಡು ವಾರಗಳಲ್ಲಿ ಕತ್ತರಿಸುವುದನ್ನೂ ಮಶಿನ್ನಿನ ಹೊಲಿಗೆಯನ್ನೂ ಮುಗಿಸಿ, ಹುಕ್ಕು, ಕಾಜಾ, ಕೈಹೊಲಿಗೆಯನ್ನೆಲ್ಲ ಒಂದು ಗಂಟಿನಲ್ಲಿ ಕಟ್ಟಿ ರಾತ್ರಿ ಪಾಳಿಯ ವಾರಕ್ಕೆ ಎತ್ತಿಡುತ್ತಿದ್ದಳು. ಸೂಜಿ ಸದ್ದು ಮಾಡುವುದಿಲ್ಲವಲ್ಲ. ಮದುವೆಯ ಬಟ್ಟೆ ಹಿಡಿದು ಬಂದವರಿಗೆ ದಿನ ಕೊಡುವಾಗ ಮೊದಲು ಗೋಡೆಯ ಕ್ಯಾಲೆಂಡರಿನಲ್ಲಿ ಪಾಳಿ ನೋಡುತ್ತಿದ್ದಳು. ಆಗದ ದಿನಕ್ಕೆ ಆಗುತ್ತದೆ ಎಂದು ಹೇಳಿದ್ದನ್ನು ನಾನು ಕೇಳಿಲ್ಲ. ಏಳನೇ ಇಯತ್ತೆ ಓದಿದ ಅಮ್ಮನ ಈ ಯೋಜನೆಯನ್ನು ನಾನು ಬಿ.ಎಡ್.ನಲ್ಲಿ ಬರೆದ ಯಾವ ಪಾಠಯೋಜನೆಯೂ ಮೀರಿಸಲಿಲ್ಲ. ಆದರೂ ಒಂದು ಮಾತು ಕೊರೆಯುತ್ತದೆ. ಆ ಜಾಣತನವೆಲ್ಲ ಖರ್ಚಾದದ್ದು ತನ್ನ ಕೆಲಸವನ್ನು ಇತರರ ಹೊತ್ತಿನ ಸಂದಿಗಳಲ್ಲಿ ತೂರಿಸುವುದಕ್ಕೆ. ಅಪ್ಪನಿಗೆ ನಿದ್ದೆ ಬೇಕಿತ್ತು, ನಿಜವಾಗಿ ಬೇಕಿತ್ತು. ಅದಕ್ಕೆ ಬೇರೆ ಹೊತ್ತಿರಲಿಲ್ಲ. ಅಮ್ಮನ ಮಶಿನ್ನಿಗೂ ಬೇರೆ ಹೊತ್ತಿಲ್ಲದ ದಿನಗಳಿದ್ದವು. ಆ ದಿನಗಳ ಲೆಕ್ಕ ಮನೆಯಲ್ಲಿ ಎಂದೂ ಮಾತಿಗೆ ಬರಲಿಲ್ಲ.

ಅಮ್ಮನನ್ನು ನೋಡುತ್ತ ನಾನು ಕೆಲಸಗಳನ್ನು ಮೂರು ಜಾತಿಯಾಗಿ ಮಾಡಿಕೊಂಡಿದ್ದೇನೆ. ಮೊದಲನೆಯದು ಹೆಪ್ಪಿನ ಕೆಲಸ. ಮಾಡಲು ಅರ್ಧ ನಿಮಿಷ ಸಾಕು, ಆದರೆ ಹಿಂದಿನ ರಾತ್ರಿಯೇ ಮಾಡಿರಬೇಕು. ಮರೆತರೆ ಬೆಳಿಗ್ಗೆ ಎಷ್ಟು ಓಡಾಡಿದರೂ ಮೊಸರಾಗುವುದಿಲ್ಲ. ಉದ್ದು ನೆನೆಹಾಕುವುದು, ಫೋನು ಚಾರ್ಜಿಗೆ ಹಾಕುವುದು, ನಾಳೆ ಬರಲಾಗುವುದಿಲ್ಲ ಎಂದು ಇವತ್ತೇ ತಿಳಿಸುವುದು ಈ ಜಾತಿಗೆ ಸೇರಿದವು. ಎರಡನೆಯದು ಕೌದಿಯ ಕೆಲಸ. ಎಲ್ಲಿ ಬೇಕಾದರೂ ಸೂಜಿ ಚುಚ್ಚಿಟ್ಟು ಎದ್ದು ಹೋಗಬಹುದು, ಬಂದು ಅಲ್ಲಿಂದಲೇ ಹಿಡಿಯಬಹುದು. ಕಾಳು ಆರಿಸುವುದು, ಬಟ್ಟೆ ಮಡಚುವುದು, ನನ್ನ ಮಟ್ಟಿಗೆ ಒಂದಂಕದ ಉತ್ತರಗಳನ್ನು ತಿದ್ದುವುದು. ಮೂರನೆಯದು ಪಾಕದ ಕೆಲಸ. ಎಳೆಪಾಕ ಬರುವ ಹೊತ್ತಿಗೆ ಬಾಗಿಲಲ್ಲಿ ಯಾರು ಕರೆದರೂ ತಿರುಗಿ ನೋಡುವಂತಿಲ್ಲ. ತಿರುಗಿದಿರೋ, ಗಟ್ಟಿಯಾಯಿತು. ಪ್ರಶ್ನೆಪತ್ರಿಕೆ ತೆಗೆಯುವುದು, ಲೆಕ್ಕ ಹೊಂದಿಸುವುದು, ಒಂದು ಮಗುವಿಗೆ ತಿಳಿಯದ್ದನ್ನು ತಿಳಿಯುವಂತೆ ಹೇಳುವುದು, ಇವೆಲ್ಲ ಪಾಕದವು. ದಿನದ ಯೋಜನೆಯೆಂದರೆ ಅರ್ಧ ಪಾಲು ಇಷ್ಟೇ: ಹೆಪ್ಪನ್ನು ರಾತ್ರಿಯೇ ಹಾಕಿ, ಪಾಕಕ್ಕೆ ಒಂದು ಅಖಂಡ ಹೊತ್ತು ಗೊತ್ತುಮಾಡಿ, ಉಳಿದ ಚೂರುಪಾರು ಹೊತ್ತಿನಲ್ಲಿ ಕೌದಿ ಹೊಲಿಯುವುದು.

ಕೌದಿ ಎಂದಾಗ ನಮ್ಮ ತಾಲ್ಲೂಕಿನ ಸಿದ್ದಿ ಹೆಂಗಸರ ನೆನಪಾಗದೆ ಇರುವುದಿಲ್ಲ. ಆಫ್ರಿಕದಿಂದ ಬಂದ ಹಿರಿಯರ ಈ ಮಕ್ಕಳು ಶತಮಾನಗಳಿಂದ ಇಲ್ಲಿನ ಕಾಡಂಚಿನಲ್ಲಿದ್ದಾರೆ. ಉತ್ತರ ಕನ್ನಡದ ಸಿದ್ದಿಯರು 2003ರಲ್ಲಿ ಪರಿಶಿಷ್ಟ ಪಂಗಡದ ಪಟ್ಟಿಗೆ ಸೇರಿದರು. ಹಳೆಯ ಸೀರೆ, ಅಂಗಿಗಳ ತುಂಡುಗಳನ್ನು ಅಂಚಿನಿಂದ ಒಳಗೊಳಗೆ ಸಾಲುಸಾಲಾಗಿ ಹೊಲಿಯುತ್ತ ಹೋಗುತ್ತಾರೆ. ಕೊನೆಗೆ ಮೂಲೆಗಳಿಗೆ ಮಡಿಸಿದ ಬಟ್ಟೆಯ ಪುಟ್ಟ ಹೂಗಳನ್ನು ಕೂರಿಸದೆ ಕೌದಿ ಮುಗಿಯಿತೆನ್ನುವುದಿಲ್ಲ. ಗದ್ದೆಯ ಕೆಲಸ, ಸೌದೆ, ನೀರು, ಕೂಸು ಎಲ್ಲದರ ನಡುವೆ ಬಿಟ್ಟು ಹಿಡಿದು ಮಾಡುವ ಕೆಲಸ ಅದು. ಅದರ ಚೆಲುವನ್ನು ಮೆಚ್ಚುವವರು ಬಹಳ. ಆದರೆ ಹೆಂಗಸಿನ ಕೈಗೆ ಸದಾ ಬಿಟ್ಟು ಹಿಡಿಯುವ ಕೆಲಸವೇ ಏಕೆ ಬಂತು ಎಂದು ಯೋಚಿಸಿದರೆ ಚೆಲುವಿನ ಹಿಂದೆ ಇನ್ನೊಂದು ಕಾಣುತ್ತದೆ. ಅವಳನ್ನು ಯಾವ ಕ್ಷಣದಲ್ಲಾದರೂ ಎಬ್ಬಿಸಬಹುದು ಎಂದು ಮನೆ ಮೊದಲೇ ತೀರ್ಮಾನಿಸಿಬಿಟ್ಟಿರುತ್ತದೆ.

2011ರ ಫೆಬ್ರವರಿಯಲ್ಲಿ ಜನಗಣತಿಗೆ ನಾವು ಶಿಕ್ಷಕರು ಮನೆಮನೆ ತಿರುಗಿದೆವು. ಹೆಂಗಸರ ಕೆಲಸವನ್ನು ಕೆದಕಿ ಕೇಳಿ ಬರೆದುಕೊಳ್ಳಬೇಕೆಂದು ತರಬೇತಿಯಲ್ಲಿ ಹೇಳಿದ್ದರು. "ನಿಮ್ಮ ಮನೆಯವರು ಏನು ಕೆಲಸ ಮಾಡ್ತಾರೆ?" ಎಂದರೆ ಜಗಲಿಯಲ್ಲಿ ಕೂತ ಯಜಮಾನರ ಉತ್ತರ ಸಿದ್ಧವಿರುತ್ತಿತ್ತು: "ಏನಿಲ್ರಿ ಅಕ್ಕೋರ, ಮನ್ಯಾಗ ಇರ್ತಾಳ." ಒಳಗಿನಿಂದ ಒಂದೊಂದು ಮನೆಯಲ್ಲಿ ಮಶಿನ್ನಿನ ಸದ್ದು, ಒಂದೊಂದರಲ್ಲಿ ಹಾಲು ಅಳೆಯುವ ಸದ್ದು ಕೇಳುತ್ತಿತ್ತು. ಕೆದಕಿದ ಮೇಲೆ ಹೊರಗೆ ಬಂದ ಆಕೆಯೂ "ಅದೇನ್ ಕೆಲಸ ಬಿಡ್ರಿ" ಎಂದು ನಗುತ್ತಿದ್ದಳು. ಗಂಡಸರ ಮಾತಿಗಿಂತ ಆ ನಗು ನನ್ನನ್ನು ಹೆಚ್ಚು ಯೋಚನೆಗೆ ಹಚ್ಚಿತು. ತನ್ನದು ಕೆಲಸವೇ ಅಲ್ಲ ಎಂದುಕೊಂಡವಳು ಅದಕ್ಕೊಂದು ಹೊತ್ತು ಕೇಳುವುದು ಹೇಗೆ?

ಕೇಂದ್ರ ಸರ್ಕಾರದ ಸಂಖ್ಯಾಶಾಸ್ತ್ರ ಕಚೇರಿ 2024ರಲ್ಲಿ ಜನ ತಮ್ಮ ಹೊತ್ತನ್ನು ಹೇಗೆ ಕಳೆಯುತ್ತಾರೆಂದು ಸಮೀಕ್ಷೆ ಮಾಡಿತು. ಸಂಬಳವಿಲ್ಲದ ಮನೆಗೆಲಸ ಮಾಡುವ ಹೆಂಗಸರು ಅದಕ್ಕೆ ದಿನಕ್ಕೆ ಸರಾಸರಿ 289 ನಿಮಿಷ ಕೊಡುತ್ತಾರೆ, ಮಾಡುವ ಗಂಡಸರು 88 ನಿಮಿಷ. ನಲವತ್ತು ನಿಮಿಷದ ಪೀರಿಯಡ್ಡಿನ ಲೆಕ್ಕ ಹಾಕಿ ನೋಡಿದೆ. ಹೆಂಗಸರದು ಏಳು ಪೀರಿಯಡ್ಡಿಗಿಂತ ಹೆಚ್ಚು, ಅಂದರೆ ಒಂದು ಇಡೀ ಶಾಲೆಯ ದಿನ. ಇದರ ಮೇಲೆ ದುಡಿಮೆಯ ದಿನ ಬೇರೆ. ಮನೆಯಲ್ಲಿ ಕೂತು ದುಡಿಯುವುದನ್ನೂ ಉಳಿದ ದುಡಿಮೆಗೆ ಸಮನಾಗಿ ಕಾಣಬೇಕೆಂದು ಅಂತಾರಾಷ್ಟ್ರೀಯ ಕಾರ್ಮಿಕ ಸಂಘಟನೆ 1996ರಲ್ಲಿಯೇ ಒಂದು ಒಡಂಬಡಿಕೆ ಮಾಡಿತು. ಭಾರತ ಅದನ್ನು ಇನ್ನೂ ಅನುಮೋದಿಸಿಲ್ಲ. ದೇಶ ಅನುಮೋದಿಸುವವರೆಗೆ ಮನೆ ಕಾಯಬೇಕಾಗಿಲ್ಲ ಎಂಬುದು ನನ್ನ ಅಭಿಪ್ರಾಯ.

ಸಹೋದ್ಯೋಗಿಯೊಬ್ಬರ ಸೊಸೆ ಅಟ್ಟದ ಕೋಣೆಯಲ್ಲಿ ಕಂಪ್ಯೂಟರಿನ ಮುಂದೆ ಕೂತು ಕಂಪನಿಯ ಕೆಲಸ ಮಾಡುತ್ತಾಳೆ. ಕಿವಿಗೆ ಯಂತ್ರ ಹಾಕಿಕೊಂಡು ಮಾತನಾಡುತ್ತಿರುತ್ತಾಳೆ. ಕೆಳಗಿನಿಂದ ಅತ್ತೆ "ಅಕ್ಕಿ ತೊಳೆದಿಡಲೇನ?" ಎಂದು ಕೂಗುತ್ತಾರೆ, ಉತ್ತರವಿಲ್ಲ. "ಫೋನಿನ್ಯಾಗ ಮಾತಾಡಾಕ ಹೊತ್ತೈತಿ, ನನಗ ಹೂಂ ಅನ್ನಾಕ ಹೊತ್ತಿಲ್ಲ" ಎಂದು ನನ್ನಲ್ಲಿ ದೂರು. ಅತ್ತೆ ಕೆಟ್ಟವರಲ್ಲ. ಕೆಲಸವೆಂದರೆ ಕೈ ಆಡಬೇಕು, ಬೆವರು ಬರಬೇಕು. ಮಾತು ಕೆಲಸ ಹೇಗಾಯಿತು ಎಂಬುದು ಅವರಿಗೆ ತಿಳಿಯದು. ಸೊಸೆ ಒಂದು ಉಪಾಯ ಮಾಡಿದಳು. ಬೆಳಿಗ್ಗೆ ಅತ್ತೆಯ ಜೊತೆ ಚಹಾ ಕುಡಿಯುತ್ತ "ಇವತ್ತು ಹನ್ನೊಂದರಿಂದ ಹನ್ನೆರಡೂವರೆ ಪರೀಕ್ಷೆ ಇದ್ದ ಹಾಗೆ, ಆಮೇಲೆ ನಾನು ಕೆಳಗೆ ಬರ್ತೇನೆ" ಎಂದು ಹೇಳತೊಡಗಿದಳು. ಪರೀಕ್ಷೆ ಎಂದರೆ ಅತ್ತೆಗೆ ಅರ್ಥವಾಯಿತು. ಈಗ ಬಂದವರನ್ನು ಬಾಗಿಲಲ್ಲೇ ತಡೆದು "ನಮ್ಮ ಹುಡುಗಿ ಪರೀಕ್ಷೆಗೆ ಕುಂತಾಳ" ಎನ್ನುವವರು ಅವರೇ! ಅತ್ತೆಗೊಂದು ಕಾಲ ಸೊಸೆಗೊಂದು ಕಾಲ ಎಂಬ ಗಾದೆಗೆ ಆ ಮನೆಯಲ್ಲಿ ಹೊಸ ಅರ್ಥ ಬಂದಿದೆ: ಒಂದೇ ದಿನದಲ್ಲಿ ಇಬ್ಬರಿಗೂ ಒಂದೊಂದು ಕಾಲ. ಇಲ್ಲಿ ನನಗೆ ಮುಖ್ಯವೆನಿಸುವುದು ಮೊದಲೇ ತಿಳಿಸುವುದು. ಕಾಯುವವರಿಗೆ ಎಷ್ಟು ಕಾಯಬೇಕೆಂದು ಗೊತ್ತಿದ್ದರೆ ಅವಮಾನವಾಗುವುದಿಲ್ಲ. ಬಸ್ ನಿಲ್ದಾಣದಲ್ಲಿ ಕೂಡ ನಮಗೆ ಸಿಟ್ಟು ಬರುವುದು ತಡಕ್ಕಿಂತ ಹೆಚ್ಚಾಗಿ ತಡ ಎಷ್ಟೆಂದು ಯಾರೂ ಹೇಳದಿದ್ದಾಗ.

ಆದರೆ ಇಬ್ಬರಿಗೂ ಕಾಯಲಾಗದಿದ್ದರೆ? ಅಂಥ ಇಕ್ಕಟ್ಟು 2020ರಲ್ಲಿ ನಮ್ಮ ಮನೆಗೇ ಬಂತು. ಮಾರ್ಚಿನಲ್ಲಿ ಶಾಲೆ ಮುಚ್ಚಿತು. ಮಾರ್ಚ್ 27ಕ್ಕೆ ಶುರುವಾಗಬೇಕಿದ್ದ ಎಸ್.ಎಸ್.ಎಲ್.ಸಿ. ಪರೀಕ್ಷೆ ಮುಂದೆ ಹೋಗಿ ಜೂನ್ 25ಕ್ಕೆ ಶುರುವಾಯಿತು. ನಡುವಿನ ಮೂರು ತಿಂಗಳು ಮಕ್ಕಳ ಓದು ಕೈಬಿಡದಂತೆ ಫೋನಿನಲ್ಲೇ ಹೇಳಿಕೊಡುತ್ತಿದ್ದೆವು. ಜೋಯಿಡಾದ ಒಳಗಿನ ಹಳ್ಳಿಯ ಹುಡುಗಿಯೊಬ್ಬಳಿದ್ದಳು. ಮನೆಗೆ ಇರುವುದೊಂದೇ ಫೋನು, ಅದು ಅಪ್ಪನ ಜೇಬಿನಲ್ಲಿ ಕೆಲಸಕ್ಕೆ ಹೋಗಿ ರಾತ್ರಿ ಎಂಟಕ್ಕೆ ಮನೆ ಸೇರುತ್ತಿತ್ತು. ಸಿಗ್ನಲ್ಲು ಸಿಗುವುದು ಕೊಟ್ಟಿಗೆಯ ಹಿಂದಿನ ಏರಿನಲ್ಲಿ ಮಾತ್ರ. ಎಂಟರಿಂದ ಎಂಟೂ ಮುಕ್ಕಾಲು, ಅದೇ ಅವಳ ಶಾಲೆ. ಇತ್ತ ನಮ್ಮ ಅತ್ತೆಯವರಿಗೆ ಸಕ್ಕರೆ ಕಾಯಿಲೆ. ಏಳೂವರೆಗೆ ಗುಳಿಗೆ, ಎಂಟಕ್ಕೆ ಸರಿಯಾಗಿ ಊಟ, ತಡವಾದರೆ ಕೈಕಾಲು ನಡುಗುತ್ತಿತ್ತು. ಇಬ್ಬರಿಗೂ ಬೇರೆ ಹೊತ್ತಿಲ್ಲ. ಒಬ್ಬರು ಮನೆಯ ಹಿರಿಯರು, ಇನ್ನೊಬ್ಬಳು ನಾನು ಸಂಬಳ ತೆಗೆದುಕೊಳ್ಳುವ ಕೆಲಸದ ಹುಡುಗಿ. ಯಾರು ಮೊದಲು?

ಯೋಚಿಸಿದಾಗ ಇನ್ನೊಂದು ಪ್ರಶ್ನೆ ಹೊಳೆಯಿತು. ಇವರಿಗೆ ಬೇಕಾದದ್ದು ಕೆಲಸವೋ, ನಾನೋ? ಅತ್ತೆಯವರಿಗೆ ಬೇಕಾದದ್ದು ಹೊತ್ತಿಗೆ ಸರಿಯಾಗಿ ಊಟ. ಅದು ನನ್ನ ಕೈಯಿಂದಲೇ ಬರಬೇಕೆಂದು ಗುಳಿಗೆಯ ಚೀಟಿಯಲ್ಲಿ ಬರೆದಿರಲಿಲ್ಲ. ಹುಡುಗಿಗೆ ಬೇಕಾದದ್ದು ಅವಳ ಸಮಾಜದ ಅಕ್ಕೋರು. ನಮ್ಮವರಿಗೆ ಸಮಾಜ ವಿಜ್ಞಾನ ಬಾರದು, ಆದರೆ ಸಾರು ಬಿಸಿ ಮಾಡಲು ಬರುತ್ತಿತ್ತು, ಬರದಿದ್ದರೂ ಕಲಿಯಬಹುದಿತ್ತು. ಮೊದಲ ದಿನ ಅತ್ತೆಯವರು "ಗಂಡಸಿನ ಕೈಲೆ ಬಡಿಸ್ಕೊಂಡು ಉಣ್ಣೂ ಕಾಲ ಬಂತ" ಎಂದು ಗೊಣಗಿದರು. ಒಂದು ವಾರ ಕಳೆಯುವಷ್ಟರಲ್ಲಿ "ಅವಗ ಉಪ್ಪು ಗೊತ್ತಾಗೂದಿಲ್ಲ, ಆದ್ರ ಮಾತಾಡಸ್ತಾನ" ಎಂದರು. ನಲವತ್ತು ವರ್ಷದಿಂದ ಊಟದ ಹೊತ್ತಿನಲ್ಲಿ ತಾಯಿ ಮಗ ಅಷ್ಟು ಮಾತನಾಡಿರಲಿಲ್ಲವೇನೋ. ಹುಡುಗಿ ಪಾಸಾದಳು.

ಆಗಿನಿಂದ ನನ್ನ ದಿನದ ಪಟ್ಟಿಗೆ ಈ ಎರಡು ಪ್ರಶ್ನೆಗಳೇ ಆಧಾರ. ಯಾರಿಗೆ ಬೇರೆ ಹೊತ್ತಿಲ್ಲ? ಅವರಿಗೆ ಬೇಕಾದದ್ದು ಕೆಲಸವೋ, ನಾನೇನೋ? ಗಟ್ಟಿಯಾಗಿ ಕೂಗುವವರಿಗೆ ಮೊದಲ ಸ್ಥಾನ ಎಂಬ ಮನೆಯ ಹಳೆಯ ಕಾಯಿದೆಯನ್ನು ಇವು ಸ್ವಲ್ಪ ಸಡಿಲಿಸುತ್ತವೆ. ಕೂಗುವವರಲ್ಲಿ ಅನೇಕರಿಗೆ ಬೇಕಾದಷ್ಟು ಹೊತ್ತಿರುತ್ತದೆ, ಕಾಯುವ ಅಭ್ಯಾಸವಿರುವುದಿಲ್ಲ ಅಷ್ಟೆ.

ಆದರೆ ಇಲ್ಲಿ ನಾವು ಓದು ಬಲ್ಲ ಹೆಂಗಸರು ಎಚ್ಚರವಾಗಿರಬೇಕಾದ ಒಂದು ಜಾಗವಿದೆ. ನಮ್ಮ ಪಾಕದ ಹೊತ್ತನ್ನು ಹೊಂದಿಸಿಕೊಳ್ಳಲು ಸುಲಭದ ದಾರಿ ಕೆಲಸದವಳು. "ನಾಳೆಯಿಂದ ಎಂಟರ ಬದಲು ಆರೂವರೆಗೆ ಬಾ" ಎಂದುಬಿಟ್ಟರೆ ನಮ್ಮ ಬೆಳಗು ಸಲೀಸು. ಆರೂವರೆಗೆ ಆಕೆಯ ಮನೆಯಲ್ಲಿ ಮಕ್ಕಳಿಗೆ ಜಡೆ ಹಾಕುವ ಹೊತ್ತು, ನಲ್ಲಿಯಲ್ಲಿ ನೀರು ಬರುವ ಹೊತ್ತು. ನಮಗೆ ಮಿಕ್ಕಿದ ಆ ಒಂದೂವರೆ ಗಂಟೆ ಆಕಾಶದಿಂದ ಬಿದ್ದದ್ದಲ್ಲ, ಇನ್ನೊಂದು ಮನೆಯಿಂದ ಬಂದದ್ದು. ಹೆಚ್ಚಿನ ಸಂಬಳ ಕೊಟ್ಟರೂ ಮೊದಲು "ನಿನಗೆ ಯಾವ ಹೊತ್ತು ಆಗ್ತದೆ?" ಎಂದು ಕೇಳಬೇಕು. ಗಂಡಸರ ಹೊತ್ತಿಗೆ ತಕ್ಕಂತೆ ನಾವು ಮಡಚಿಕೊಂಡದ್ದನ್ನು ದೂರುತ್ತ, ನಮ್ಮ ಹೊತ್ತಿಗೆ ಇನ್ನೊಬ್ಬಳನ್ನು ಮಡಚುವುದು ನ್ಯಾಯವಾಗಲಾರದು.

ಇನ್ನು ನಮ್ಮದೇ ಸರದಿ. ಬೇರೆ ಹೊತ್ತಿಲ್ಲದವರಿಗೆ ಮೊದಲ ಹೊತ್ತು ಎಂದಾಗ ಹೆಂಗಸರು ತಮ್ಮನ್ನು ಆ ಲೆಕ್ಕಕ್ಕೆ ಸೇರಿಸಿಕೊಳ್ಳುವುದೇ ಇಲ್ಲ. 'ನನ್ನದೇನು, ರಾತ್ರಿ ಎಲ್ಲರೂ ಮಲಗಿದ ಮೇಲೆ ಮಾಡಿಕೊಂಡರಾಯಿತು.' ನಾಳೆ ಎಂದವನ ಮನೆ ಹಾಳು ಎಂಬ ಗಾದೆ ನಮಗೆ ಗೊತ್ತು, ನಮ್ಮ ವಿಷಯಕ್ಕೆ ಮಾತ್ರ ಅದನ್ನು ಹಚ್ಚುವುದಿಲ್ಲ. ರಾತ್ರಿ ಹತ್ತೂವರೆಯ ತಲೆ ಬೆಳಗಿನ ತಲೆಯಲ್ಲ. ಐವತ್ತು ದಾಟಿದ ಮೇಲೆ ಇದು ನನಗೆ ಚೆನ್ನಾಗಿ ಗೊತ್ತಾಗಿದೆ. ನನ್ನ ಬುದ್ಧಿ ಚುರುಕಾಗಿರುವುದು ಬೆಳಿಗ್ಗೆ ಐದೂವರೆಯಿಂದ ಆರೂವರೆ. ಆ ಗಂಟೆಗೆ ಬದಲಿಯಿಲ್ಲ. ಆದ್ದರಿಂದ ಬೇರೆ ಹೊತ್ತಿಲ್ಲದವರ ಸಾಲಿನಲ್ಲಿ ನಾನೂ ನಿಂತಿದ್ದೇನೆ. ಅದನ್ನು ಸ್ವಾರ್ಥವೆಂದು ನಾನು ಒಪ್ಪುವುದಿಲ್ಲ. ಸಾಲು ಮುರಿದು ಮುಂದೆ ಹೋದರೆ ಸ್ವಾರ್ಥ, ಸರದಿಯಲ್ಲಿ ನಿಂತರೆ ಅಲ್ಲ.

ಹನ್ನೆರಡನೆಯ ಶತಮಾನದ ಆಯ್ದಕ್ಕಿ ಲಕ್ಕಮ್ಮನ ಕಥೆ ನಿಮಗೆ ತಿಳಿದೇ ಇದೆ. ಬಿದ್ದ ಅಕ್ಕಿಯನ್ನು ಆಯ್ದು ತರುವುದು ಗಂಡ ಮಾರಯ್ಯನ ಕಾಯಕ. ಒಂದು ದಿನ ಆತ ಎಂದಿಗಿಂತ ಹೆಚ್ಚು ತಂದಾಗ, ಬೇಕಾದಷ್ಟನ್ನೇ ಇಟ್ಟುಕೊಂಡು ಉಳಿದದ್ದನ್ನು ಅಲ್ಲಿಯೇ ಸುರಿದು ಬರುವಂತೆ ಲಕ್ಕಮ್ಮ ಹೇಳಿದಳು. ಆಸೆಯನ್ನು ಕುರಿತ ಕಥೆಯೆಂದು ಶಾಲೆಯಲ್ಲಿ ಪಾಠ ಮಾಡುತ್ತೇವೆ. ನನಗೆ ಅದು ದಿನವನ್ನು ಕುರಿತ ಕಥೆಯೂ ಹೌದು. ಹೊತ್ತನ್ನು ಹೊಂದಿಸಲು ಕಲಿತವರಿಗೆ ಬರುವ ರೋಗವೆಂದರೆ ಮಿಕ್ಕ ಗಂಟೆಗೆ ಇನ್ನೆರಡು ಕೆಲಸ ತುಂಬುವುದು. ಮಡಿಲು ತುಂಬಿದ ಮೇಲೂ ಆಯುತ್ತಲೇ ಹೋದರೆ ಮನೆಗೆ ಬರುವಷ್ಟರಲ್ಲಿ ಅರ್ಧ ಚೆಲ್ಲಿರುತ್ತದೆ.

ನಾನು ಈಗ ರಾತ್ರಿ ಹಾಲಿಗೆ ಹೆಪ್ಪು ಹಾಕಿದ ಮೇಲೆ ಹಳೆಯ ಕ್ಯಾಲೆಂಡರಿನ ಹಾಳೆಯ ಹಿಂದೆ ನಾಳೆಯ ಪಟ್ಟಿ ಬರೆಯುತ್ತೇನೆ. ಕೆಲಸದ ಹೆಸರಿನ ಮುಂದೆ ಅದಕ್ಕಾಗಿ ಕಾಯುತ್ತಿರುವವರ ಹೆಸರನ್ನೂ ಬರೆಯುತ್ತೇನೆ. ಕೆಲವು ಕೆಲಸಗಳ ಮುಂದೆ ಬರೆಯಲು ಯಾರ ಹೆಸರೂ ಸಿಗುವುದಿಲ್ಲ. ಅವನ್ನು ಹೊಡೆದುಹಾಕಿದರೆ ಜಗತ್ತು ನಿಲ್ಲುವುದಿಲ್ಲ ಎಂದು ಗೊತ್ತಾಗುತ್ತದೆ. ಇನ್ನು ಕೆಲವೇ ವರ್ಷಗಳಲ್ಲಿ ನನಗೆ ನಿವೃತ್ತಿ. "ಆಮ್ಯಾಲ ಹೆಂಗಿದ್ರೂ ಮನ್ಯಾಗ ಇರ್ತೀರಲ್ಲ" ಎಂದು ಓಣಿಯವರು ನನ್ನ ಹಗಲುಗಳನ್ನು ಈಗಲೇ ಹಂಚಿಕೊಳ್ಳತೊಡಗಿದ್ದಾರೆ. ಕೀಲಿ ಇಟ್ಟುಕೊಳ್ಳುತ್ತೇನೆ, ಸಿಲಿಂಡರೂ ಇಳಿಸಿಕೊಳ್ಳುತ್ತೇನೆ. ಆದರೆ ಹಿಂದಿನ ದಿನ ಹೇಳಿದವರಿಗೆ.